ವಾರಿಜಾ ಮೇಡಂ ಅವರ ಬಿ.ಪಿ.

ಸಂದರ್ಶನದ ನಡುವೆ ನರ್ಸಿಂಗ್ ಸೂಪರಿಂಟೆಂಡೆಂಟ್ ವಾರಿಜಾ ಮೇಡಂ "ನನ್ನ ಬಿ.ಪಿ. ನೋಡು" ಎಂದು ತೋಳು ಚಾಚಿದಾಗ, ಆಗಷ್ಟೇ ನರ್ಸಿಂಗ್ ಮುಗಿಸಿದ್ದ ಸಂಚಿತಾಳಿಗೆ ಇದೇನು ಮಹಾ ಎನಿಸಿತ್ತು. ಈಗ ಸ್ಟೆತೊಸ್ಕೋಪ್ ಕಿವಿಯಲ್ಲಿಟ್ಟುಕೊಂಡೇ ಕಕ್ಕಾಬಿಕ್ಕಿಯಾಗಿದ್ದಳು. ಮುಳ್ಳು ನೂರ ತೊಂಬತ್ತರಲ್ಲಿರುವಾಗಲೇ ಮಿಡಿತ ಕೇಳಿಸಿತ್ತು. ಪಟ್ಟಿ ಬಿಚ್ಚಿ ಮತ್ತೆ ಸುತ್ತಿ ನೋಡಿದರೂ ಅಷ್ಟೇ.

ಇಷ್ಟು ನಗುನಗುತ್ತಾ ಕೂತವರಿಗೆ ಅಷ್ಟು ಬಿ.ಪಿ. ಇರುತ್ತದೆಯೇ? ಇಲ್ಲ, ತಾನೇ ತಪ್ಪು ಕೇಳಿಸಿಕೊಂಡಳೋ? ಅನುಭವವಿಲ್ಲವೆಂದು ಬಲ್ಮಠದ ಆಸ್ಪತ್ರೆಯೊಂದರಲ್ಲಿ ಆಗಲೇ ಬೇಡ ಎನಿಸಿಕೊಂಡಿದ್ದಳು. ಇಲ್ಲೂ ಬಿ.ಪಿ. ನೋಡಲು ಬಾರದವಳು ಎಂದುಬಿಟ್ಟರೆ?

"ಎಂತ ಮಾರಾಯ್ತಿ, ಎಷ್ಟು ಉಂಟು?"

"ನೂರ ತೊಂಬತ್ತು, ನೂರ ಹತ್ತು ಮೇಡಂ. ಎರಡು ಸಲ ನೋಡಿದೆ. ನಿಮಗೆ ತಲೆನೋವು ಉಂಟಾ?"

ಮೇಡಂ ಮುಖದ ನಗು ಆರಿತು. "ಬೆಳಿಗ್ಗೆಯಿಂದ ಉಂಟು."

"ಹಾಗಾದ್ರೆ ನೀವು ಮೊದಲು ಮಲಗಿ." ತನ್ನ ಬಾಯಿಂದಲೇ ಅಪ್ಪಣೆ ಹೊರಟದ್ದು ಕೇಳಿ ಸಂಚಿತಾ ಗಾಬರಿಯಾದಳು. ಆದರೆ ಮೇಡಂ ಎದ್ದು ಹೋಗಿ ಗೋಡೆಬದಿಯ ಮಂಚಕ್ಕೆ ಒರಗಿದರು. ಫೋನೆತ್ತಿ ಡಾಕ್ಟರನ್ನು ಕರೆದ ಮೇಲೆ ಮುಂದೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಸಂದರ್ಶನ ಮುಗಿಯಿತೋ, ಇನ್ನೂ ಉಂಟೋ?

"ನಾನು ಹೊರಗೆ ಕಾಯ್ಲಾ ಮೇಡಂ?"

ಮೇಡಂ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಡ್ಯೂಟಿಯಲ್ಲಿರುವಾಗ ಪೇಷಂಟನ್ನು ಬಿಟ್ಟು ಎಲ್ಲಿಗೆ ಹೋಗುದು?"