ಗೇಟಿನ ಹೊರಗೆ ಝಡ್ತಿ

"ಇದು ಉದ್ಯಾನ ಅಲ್ಲಲೇ ವೆಂಕೋಬ, ಗಣಿ ಐತಿ," ಎಂದ ಗಾಳೆಪ್ಪ. ಕಡಲ ದಂಡೆಯ ಉದ್ದಕ್ಕೂ ಕರಿ ಕಲ್ಲು ಹರವಿಕೊಂಡು ಬಿದ್ದಿತ್ತು. ಯಾವ ಕಾಲದಲ್ಲೋ ಜ್ವಾಲಾಮುಖಿಯ ಬೆಂಕಿ ಗುಡ್ಡದಿಂದ ಇಲ್ಲಿವರೆಗೆ ಹರಿದು ಬಂದು, ಸಮುದ್ರ ಮುಟ್ಟಿ ಕಲ್ಲಾಯಿತು ಎಂದು ಕರೆತಂದವರು ಹಿಂದಿಯಲ್ಲಿ ವಿವರಿಸಿದ್ದರು. ಗಾಳೆಪ್ಪ ಅದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ. ಬರೀ ಕಲ್ಲಿಗೆ ಯಾರಾದರೂ ಬೇಲಿ ಹಾಕುತ್ತಾರೆಯೇ? ಕಲ್ಲು ಒಯ್ಯಬಾರದು ಎಂದು ಬೋರ್ಡು ಹಾಕಿ, ಗೇಟಿಗೆ ಕಾವಲು ಇಡುತ್ತಾರೆಯೇ? ಒಂದು ಕಲ್ಲಿನ ಒಡಕಿನಲ್ಲಿ ಸಣ್ಣ ಹೊಳಪನ್ನೂ ಅವನು ಕಂಡಿದ್ದ.

"ನಿನಗ ಎಲ್ಲಿ ನೋಡಿದ್ರೂ ಬಂಗಾರನ ಕಾಣ್ತೈತಿ," ಎಂದ ಮಗ. "ಇಷ್ಟು ದೂರ ಬಂದೀವಿ, ಸುಮ್ನ ಸಮುದ್ರ ನೋಡಪ್ಪ."

ಸಿಂಧನೂರಿನಲ್ಲಿ ವೆಂಕೋಬನದು ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ. ಕಾಲುವೆ ನೀರಿನ ಭತ್ತಕ್ಕೆ ಹುಳ ಬಿದ್ದಿದ್ದೇ ತಡ, ಅವನ ಬಾಗಿಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತೊಂಬತ್ತಾರನೇ ಇಸವಿಯಲ್ಲಿ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಒಂದು ಕಂಪನಿ ಪರದೇಶದ ಈ ದ್ವೀಪಕ್ಕೆ ಕರೆತಂದಿತ್ತು. ಒಬ್ಬೊಬ್ಬರಿಗೆ ಎರಡೆರಡು ಟಿಕೆಟ್. ಹೆಂಡತಿ ಕನಕಮ್ಮ ಏಳು ತಿಂಗಳ ಬಸುರಿ. "ಮಾವನ್ನ ಕರ್ಕೊಂಡು ಹೋಗ್ರಿ," ಎಂದಿದ್ದಳು. ಹೀಗೆ ಧೋತರ ಉಟ್ಟ ಗಾಳೆಪ್ಪ ಜ್ವಾಲಾಮುಖಿ ನೋಡಲು ಬಂದಿದ್ದ.

ಲಿಂಗಸುಗೂರು ಸೀಮೆಯ ಚಿನ್ನದ ಗಣಿಯ ಗೇಟಿನಲ್ಲಿ ಅವನು ಮೂವತ್ತು ವರ್ಷ ಝಡ್ತಿ ಮಾಡಿದವನು. ಪಾಳಿ ಮುಗಿಸಿ ಮೇಲೆ ಬಂದ ಒಬ್ಬೊಬ್ಬರ ಮೈ ತಡವಿ, ಬಾಯಿ ತೆರೆಸಿ, ಊಟದ ಡಬ್ಬಿಯ ತಳ ಬಡಿದು ನೋಡಿ ಹೊರಗೆ ಬಿಟ್ಟವನು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವನಿಗೆ ನೌಕರಿಯಿಂದ ಅಂಟಿದ ಗುಣವೂ ಹೋಗಲಿಲ್ಲ. ನಿವೃತ್ತನಾಗಿ ಸಿಂಧನೂರಿಗೆ ಮಗನ ಮನೆಗೆ ಬಂದ ಮೇಲೂ, ಬೀಗರು ಹೊರಟು ನಿಂತರೆ ಇವನ ಕಣ್ಣು ಅವರ ಚೀಲದ ಮೇಲೆ ಇರುತ್ತಿತ್ತು.

ಎಂಬತ್ತೆರಡರಲ್ಲಿ ವೆಂಕೋಬನೂ ಅದೇ ಗಣಿಗೆ ಇಳಿಯುತ್ತಿದ್ದ. ಅವನ ಹತ್ತಿರ ಏನೋ ಐತಿ ಎಂದು ಯಾರೋ ಚಾಡಿ ಹೇಳಿದ ದಿನ, ಗಾಳೆಪ್ಪ ಇಡೀ ಪಾಳಿಯ ಎದುರಿಗೆ ಮಗನ ಝಡ್ತಿ ಮಾಡಿದ. ಏನೂ ಸಿಗಲಿಲ್ಲ. ಹೆತ್ತ ಮಗನನ್ನೂ ಬಿಡದ ಮನುಷ್ಯ ಎಂದು ಗಾಳೆಪ್ಪನಿಗೆ ಹೆಸರು ಬಂತು. ಮಗ ಮರುದಿನವೇ ನೌಕರಿ ಬಿಟ್ಟು ಸಿಂಧನೂರು ಸೇರಿದ, ವರ್ಷ ತುಂಬುವುದರೊಳಗೆ ಅಂಗಡಿ ತೆರೆದ. ಅಷ್ಟು ಬೇಗ ಅಂಗಡಿ ಹೇಗಾಯಿತು ಎಂದು ಅಪ್ಪ ಕೇಳಲಿಲ್ಲ. ಕೇಳದ ಆ ಮಾತು ಹದಿನಾಲ್ಕು ವರ್ಷದಿಂದ ಅವನನ್ನು ಒಳಗೇ ತಿನ್ನುತ್ತಿತ್ತು.

ಈಗ ವೆಂಕೋಬ ಒಂದು ದೊಡ್ಡ ಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತ. ಎದ್ದ. ಅತ್ತಿತ್ತ ನೋಡಿ ಮತ್ತೆ ಕೂತ. ಗಾಳೆಪ್ಪ ನಿಂತಲ್ಲಿಂದಲೇ ಕೂಗಿದ.

"ಏನ್ ಮಾಡಾಕತ್ತೀಯಲೇ ಅಲ್ಲಿ?"

"ಏನಿಲ್ಲಪ್ಪ. ಏಡಿ ನೋಡಾಕತ್ತೀನಿ. ಕೆಂಪಗ ಅದಾವ."

ಗಾಳೆಪ್ಪ ಹೋಗಿ ನೋಡಿದ. ಅಲ್ಲಿ ಏಡಿ ಇರಲಿಲ್ಲ. ಹೆಜ್ಜೆ ಸಪ್ಪಳಕ್ಕೆ ಓಡಿರಲೂಬಹುದು, ಆದರೆ ಹಾಗೆ ಅಂದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಅಲ್ಲಿಂದ ಗೇಟಿನವರೆಗೆ ಅವನು ಸಮುದ್ರವನ್ನು ನೋಡಲೇ ಇಲ್ಲ, ಮಗನ ಕೈಗಳನ್ನೇ ನೋಡುತ್ತ ನಡೆದ.

ಗೇಟಿನ ಕಾವಲುಗಾರ ಪ್ರತಿಯೊಬ್ಬರ ಚೀಲದಲ್ಲಿ ಒಮ್ಮೆ ಇಣುಕಿ, ನಕ್ಕು, ಹೋಗಿ ಎಂದು ಕೈ ಬೀಸುತ್ತಿದ್ದ. ಇದೂ ಒಂದು ಝಡ್ತಿಯಾ ಎಂದು ಗಾಳೆಪ್ಪನಿಗೆ ಸಿಟ್ಟು ಬಂತು. ಇಬ್ಬರೂ ಗೇಟು ದಾಟಿದ ಮೇಲೆ ಅವನು ಮಗನ ದಾರಿಗೆ ಅಡ್ಡ ನಿಂತ.

"ನಿಂದ್ರು. ಜೇಬು ತೋರ್ಸು."

"ಅವ್ರು ಬಿಟ್ಟಾರಲ್ಲಪ್ಪ."

"ಅವ್ರು ಬಿಡ್ತಾರ. ಪರದೇಶ ಐತಿ, ಮುಂದ ವಿಮಾನದಾಗ ಸಿಕ್ಕೊಂಡ್ರ ಮಾನ ಹೋಗ್ತೈತಿ."

ಜೊತೆಗೆ ಬಂದಿದ್ದ ಅಂಗಡಿಯವರು ಮುದುಕನ ತಮಾಷೆ ಎಂದು ನಕ್ಕರು. ವೆಂಕೋಬ ನಗಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತ. ಗಾಳೆಪ್ಪನ ಬೆರಳುಗಳು ಕಾಲರು, ಕಂಕುಳು, ನಡುಪಟ್ಟಿ, ಹಿಂದಿನ ಜೇಬು ಎಲ್ಲ ತಡವಿದವು. ಒಂದು ಕರವಸ್ತ್ರ, ಹೋಟೆಲಿನ ಬೀಗದಕೈ, ಹಣಿಗೆ. ಅಷ್ಟೇ. ಅವನಿಗೆ ನಾಚಿಕೆಯಾಯಿತು.

"ಆತು, ನಡಿ," ಎಂದ.

ವೆಂಕೋಬ ನಡೆಯಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತು ಬೂಟಿನ ಲಾಡಿ ಬಿಚ್ಚಿದ. ಒಂದೊಂದೇ ಬೂಟು ತೆಗೆದು ಅಪ್ಪನ ಎದುರಿಗೆ ತಲೆಕೆಳಗು ಮಾಡಿ ಬಡಿದ. ಒಂದಿಷ್ಟು ಕರಿ ಉಸುಕು ಉದುರಿತು. ಉಳಿದವರು ಬಸ್ಸಿನ ಕಡೆ ಹೋಗಿದ್ದರು.

"ಬೂಟು ಬಿಚ್ಚು ಅಂತ ನಾ ಹೇಳಲಿಲ್ಲಲ್ಲ," ಎಂದ ಗಾಳೆಪ್ಪ.

"ಅವತ್ತೂ ಹೇಳಲಿಲ್ಲ ನೀ. ಗಣಿ ಗೇಟಿನಾಗ ಎಲ್ಲಾರ ಬೂಟು ಬಿಚ್ಚಿಸ್ತಿದ್ದಿ. ನನ್ನವು ಬಿಟ್ಟಿ. ಯಾಕಪ್ಪ?"

ಗಾಳೆಪ್ಪನ ಮೂವತ್ತು ವರ್ಷದ ಹೆಸರೆಲ್ಲ ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು.

"ಇದ್ದರ ಏನ್ ಮಾಡ್ಲಿ ಅಂತ ಅಂಜಿಕಿ ಬಂತು," ಎಂದ ಕೊನೆಗೆ.

"ಹಂಗಾರ ನನ್ನ ಕಳ್ಳ ಅಂತ ತಿಳ್ಕೊಂಡ ಇಷ್ಟು ವರ್ಷ ನನ್ನ ಮನ್ಯಾಗ ಉಂಡಿ." ವೆಂಕೋಬನ ದನಿ ಏರಲಿಲ್ಲ. "ಈಗರ ಕೇಳು. ಇತ್ತೋ ಇಲ್ಲೋ, ಇದ್ದದ್ದು ಇದ್ದಂಗ ಹೇಳ್ತೀನಿ."

ಗಾಳೆಪ್ಪ ಬಗ್ಗಿದ. ಎರಡೂ ಬೂಟು ಎತ್ತಿಕೊಂಡು, ಧೋತರದ ಚುಂಗಿನಿಂದ ಉಸುಕು ಒರೆಸಿ, ಮಗನ ಕಾಲ ಮುಂದೆ ಇಟ್ಟ.

"ಬ್ಯಾಡ," ಎಂದ. "ಹಾಕ್ಕೊ."