ಮೊಣಕಾಲೆತ್ತರದ ಕಿಟಕಿ

“ಈ ಹೊಸ ಕಿಟಕಿ ಹೊಲಿಗೆ ಕೆಲಸಕ್ಕೇ ಇಡ್ಸಿದ್ದು ಅಂತ ಬರ್ಕೊಳ್ಲಾ?” ಆಡಿಟರ್ ಕೇಳಿದರು. ಮನೆಯಲ್ಲೇ ಅಂಗಡಿ ನಡೆಸುವವರು ಅಂಗಡಿಗೆಂದು ಮಾಡಿಸಿದ ರಿಪೇರಿಯನ್ನಷ್ಟೇ ತೆರಿಗೆ ಲೆಕ್ಕದಲ್ಲಿ ಖರ್ಚಿಗೆ ಹಾಕಬಹುದಿತ್ತು. ಈ ಸಲದ ರಿಪೇರಿಯಲ್ಲಿ ದೊಡ್ಡ ಖರ್ಚೇ ಕಿಟಕಿಯದು.

“ಇನ್ಯಾತಕ್ಕೆ? ಈ ಮನೇಲಿ ಎಲ್ಲಾ ಅವಳ ಮಿಷನ್ನಿಗೇ ಅಲ್ವಾ,” ಮೂಲೆಯ ಮಂಚದಿಂದ ಅತ್ತೆ ಗೊಣಗಿದರು. ಮಂಡಿನೋವಿನಿಂದ ಮಂಚ ಹಿಡಿದಿದ್ದ ಅವರು, ತಮ್ಮ ಕೋಣೆಗೆ ಸೊಸೆಯ ಹೊಲಿಗೆ ಮಿಷನ್ ಬಂದ ದಿನದಿಂದ ಗೋಡೆ ಕಡೆಗೇ ಮುಖ ಮಾಡಿ ಮಲಗುತ್ತಿದ್ದರು.

ಆಡಿಟರ್ ಕಿಟಕಿಯ ಹತ್ತಿರ ಹೋದರು. ಅದರ ಕಟ್ಟೆ ಅವರ ಮೊಣಕಾಲಿಗೆ ಬರುತ್ತಿತ್ತು. ಮಿಷನ್ ಇದ್ದದ್ದು ಕೋಣೆಯ ಆ ತುದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ. “ಇಷ್ಟು ತಗ್ಗಲ್ಲಿ ಯಾಕಮ್ಮಾ ಇಡ್ಸಿದ್ರಿ? ಬೆಳಕು ಮಿಷನ್ ತನಕ ಬರೋದೇ ಇಲ್ಲ. ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಾನೇನ್ ಹೇಳ್ಲಿ?”

ಸೊಸೆ ಹಲ್ಲಿನಿಂದ ದಾರ ಕಡಿದಳು. “ಅದನ್ನ ಬಿಟ್ಬಿಡಿ ಸರ್. ಅದು ಅಂಗಡೀದಲ್ಲ. ಅತ್ತೆಗೆ ಮಲಗಿದ್ದಲ್ಲಿಂದ್ಲೇ ರಸ್ತೆ ಕಾಣ್ಲಿ ಅಂತ ಇಡ್ಸಿದ್ದು. ಅವರು ಈ ಕಡೆ ತಿರುಗಿದ್ರೆ ತಾನೆ.”

ಆಡಿಟರ್ ಪೆನ್ನಿನ ಕ್ಯಾಪು ಹಾಕಿದರು. ಅವಳು ಮತ್ತೆ ಪೆಡಲ್ ತುಳಿಯತೊಡಗಿದಳು. ಆ ಸದ್ದಿನ ನಡುವೆ ಮಂಚ ಒಮ್ಮೆ ಕಿರುಗುಟ್ಟಿತು.

“ಎದುರುಮನೆಯವರು ಗೇಟಿಗೆ ಹಸಿರು ಬಣ್ಣ ಹೊಡ್ಸಿದ್ದಾರೆ,” ಅತ್ತೆ ಅಂದರು. “ನಂಗೆ ಹೇಳ್ಲೇ ಇಲ್ವಲ್ಲೇ ನೀನು.”