ಎರಡು ಗಂಟೆ ಮುಂಚೆ

ರಾತ್ರಿ ಒಂದರವರೆಗೆ ತೆರೆದಿರುತ್ತಿದ್ದ ಬಾರುಗಳು ಇನ್ನು ಹನ್ನೊಂದಕ್ಕೇ ಮುಚ್ಚಬೇಕೆಂದು ಸರ್ಕಾರದ ಆದೇಶ ಬಂದಾಗ ಊರಿನ ಬಾರ್ ಮಾಲೀಕರೆಲ್ಲ ಬಾಯಿ ಬಾಯಿ ಬಡಿದುಕೊಂಡರು. ಅವರಲ್ಲೊಬ್ಬನಿಗೆ ಮಾತ್ರ ಒಳಗೊಳಗೇ ಎದೆ ಹಗುರಾಯಿತು. ಇವನ ಬಾರಿನೆದುರು ಹೂವು ಮಾರುವ ಹೆಂಗಸಿನ ಗಂಡನೇ ಇವನಿಗೆ ದಿನದ ಕೊನೆಯ ಗಿರಾಕಿ. ಮರುದಿನ ಅವಳ ಊದಿದ ಕೆನ್ನೆ ಕಂಡಾಗಲೆಲ್ಲ ಇವನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ.

ಆದೇಶ ಬಂದು ವಾರವಾದ ಮೇಲೆ, ಒಂದು ಬೆಳಿಗ್ಗೆ, ಅವಳೇ ಬಾರಿನ ಮೆಟ್ಟಿಲು ಹತ್ತಿ ಬಂದಳು. ಇವನು ಎದ್ದು ನಿಂತ.

"ನಿನ್ನ ಮನೆ ಹಾಳಾಗಿದ್ರಲ್ಲಿ ನನ್ನ ಪಾಪಾನೂ ಇದೆ ಕಣಮ್ಮ. ಈಗ ಹನ್ನೊಂದಕ್ಕೇ ಕಳಿಸ್ತಿದೀನಲ್ಲ, ಸ್ವಲ್ಪನಾದ್ರೂ ನೆಮ್ಮದಿ ಆಯ್ತಾ?"

"ಅದಕ್ಕೇ ಬಂದೆ ಅಣ್ಣ. ನಮ್ಮ ಯಜಮಾನ್ರನ್ನ ಒಬ್ರನ್ನ ಒಳಗೆ ಕೂರಿಸ್ಕೊಂಡು ಶಟರ್ ಎಳ್ಕೊಳ್ಳಿ. ಮೊದಲಿನ ಹಾಗೆ ಒಂದು ಗಂಟೆಗೇ ಕಳಿಸಿ."

"ಯಾಕಮ್ಮಾ, ಇನ್ನೂ ಕುಡೀಲಿ ಅಂತೀಯಾ?"

ಅವಳು ದನಿ ತಗ್ಗಿಸಿದಳು.

"ಹನ್ನೊಂದಕ್ಕೆ ಮಗಳು ಇನ್ನೂ ಓದ್ತಾ ಕೂತಿರ್ತಾಳೆ ಅಣ್ಣ. ಒಂದು ಗಂಟೆಗೆ ಅವಳು ಮಲಗಿರ್ತಿದ್ಲು, ಏಟು ನನಗೊಬ್ಬಳಿಗೇ ಬೀಳ್ತಿತ್ತು."